ನಾನಾಜಾನ್‌ಗೆ ಒಂದು ರೀಲ್

ರೀಲ್ ಎಂದ ಕೂಡಲೇ ನಮ್ಮ ಕ್ಲಾಸಿನವರೆಲ್ಲ ಮೊಬೈಲ್ ಕಡೆ ನೋಡುತ್ತಾರೆ. ನಾನು ಬರೆಯುತ್ತಿರುವುದು ಆ ರೀಲ್ ಬಗ್ಗೆ ಅಲ್ಲ. ಮೀನು ಹಿಡಿಯುವ ಕೋಲಿಗೆ ಸಿಕ್ಕಿಸುವ, ದಾರ ಸುತ್ತುವ ಸಣ್ಣ ಯಂತ್ರಕ್ಕೂ ರೀಲ್ ಎಂದೇ ಹೆಸರು. ಅದರಲ್ಲೂ ‘ಸ್ಪಿನ್ನಿಂಗ್ ರೀಲ್’ ಎಂಬ ಹಗುರವಾದ ಜಾತಿ ಒಂದಿದೆ. ಫಸ್ಟ್ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಅಂಥದ್ದೊಂದನ್ನು ಆರಿಸಿ ಕೊಳ್ಳುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಕಾಮರ್ಸ್ ವಿದ್ಯಾರ್ಥಿನಿಗೂ ಮೀನಿನ ಗಾಳಕ್ಕೂ ಏನು ಸಂಬಂಧ ಎಂದು ಕೇಳಿದ ಗೆಳತಿಯರಿಗೆ ಬಾಯಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆದುಬಿಡುತ್ತಿದ್ದೇನೆ.

ನಮ್ಮ ಮನೆಯ ಮಾತು ಉರ್ದು. ಅಮ್ಮಿಯ ತಂದೆಯನ್ನು ನಾವು ನಾನಾಜಾನ್ ಎಂದು ಕರೆಯುತ್ತೇವೆ. ಅವರಿಗೀಗ 68 ವರ್ಷ. ದಾವಣಗೆರೆಯನ್ನು ಹಿಂದೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು ಎಂದು ಪಾಠದಲ್ಲಿ ಓದಿದ್ದೇವಲ್ಲ, ಆ ಕಾಲದ ಹತ್ತಿ ಗಿರಣಿಯಲ್ಲಿ ಅವರು ನೂಲುವ ವಿಭಾಗದ ಫಿಟ್ಟರ್ ಆಗಿದ್ದರು. ವಾರವಿಡೀ ಗಿರಣಿ, ರಜೆಯ ದಿನ ಸೈಕಲ್ ಮೇಲೆ ಹರಿಹರ. ತುಂಗಭದ್ರೆಯ ದಂಡೆಯಲ್ಲಿ ಬಿದಿರಿನ ಕೋಲು, ಎರೆಹುಳು, ನೈಲಾನ್ ದಾರ ಹಿಡಿದು ಕೂತರೆ ಸಂಜೆಯ ನಮಾಜ್ ಹೊತ್ತಿಗೇ ಏಳುತ್ತಿದ್ದರಂತೆ. ಅಮ್ಮಿ ಚಿಕ್ಕವರಿದ್ದಾಗ ಮನೆಯಲ್ಲಿ ಮಾಂಸ ತರಲು ದುಡ್ಡಿಲ್ಲದ ವಾರಗಳಿದ್ದವು, ಮೀನಿಲ್ಲದ ವಾರ ಇರಲಿಲ್ಲ.

ಎರಡು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಕಾಲು ಬೇಗ ಸುಧಾರಿಸಿತು. ಬಲಗೈ ಭುಜದಿಂದ ಮಣಿಕಟ್ಟಿನವರೆಗೆ ಚೆನ್ನಾಗಿ ಆಡುತ್ತದೆ, ಆದರೆ ಬೆರಳುಗಳಲ್ಲಿ ಹಿಡಿತ ಇಲ್ಲ. ಊಟಕ್ಕೆ ಚಮಚ ಬಂತು. ಸಹಿ ಹೋಗಿ ಹೆಬ್ಬೆಟ್ಟು ಬಂತು. ಮಹಡಿಯ ಕೋಣೆಯಲ್ಲಿದ್ದ ಬಿದಿರಿನ ಕೋಲುಗಳನ್ನು ಒಂದು ದಿನ ಅವರೇ ಬೀದಿಯ ಹುಡುಗರಿಗೆ ಕೊಟ್ಟುಬಿಟ್ಟರು. ಯಾಕೆ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನನ್ನ ದೊಡ್ಡ ಖಾಲಾರ ಮಗ, ನಾವು ಭಾಯಿಜಾನ್ ಎನ್ನುವವರು, ಕಾಶ್ಮೀರದ ಅನಂತನಾಗ್ ಜಿಲ್ಲೆಯಲ್ಲಿ ರಸ್ತೆ ಕಾಮಗಾರಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಫೆಬ್ರವರಿಯಲ್ಲಿ ಅವರ ಫೋನ್ ಬಂತು. “ಮೇ ತಿಂಗಳಲ್ಲಿ ಎಲ್ಲರೂ ಬನ್ನಿ. ನಾನಾಜಾನ್‌ನ ಕರಕೊಂಡು ಬನ್ನಿ. ಹತ್ತಿರದಲ್ಲೇ ಕೋಕರ್‌ನಾಗ್ ಇದೆ, ಬ್ರಿಂಗಿ ಹೊಳೆಯಲ್ಲಿ ಟ್ರೌಟ್ ಮೀನು ಇದೆ. ನನ್ನ ಜೊತೆ ಕೆಲಸ ಮಾಡುವವರ ಹತ್ತಿರ ಆರೂವರೆ ಅಡಿಯ ಹಗುರ ರಾಡ್ ಇದೆ, ಕೊಡ್ತಾರೆ. ಅದಕ್ಕೆ ರೀಲ್ ಇಲ್ಲ. ರೀಲ್ ಮಾತ್ರ ನೀವು ತನ್ನಿ.”

ಡಾಕ್ಟರು ಪ್ರಯಾಣಕ್ಕೆ ಒಪ್ಪಿದರು. ಮನೆಯಲ್ಲಿ ಚರ್ಚೆ ಶುರುವಾಯಿತು. “ಅಬ್ಬಾ ಕೈಯಲ್ಲಿ ಚಹಾದ ಲೋಟ ನಿಲ್ಲೋದಿಲ್ಲ, ಮೀನು ಹಿಡಿಯೋ ಕೋಲು ನಿಲ್ಲುತ್ತಾ?” ಎಂದು ಅಮ್ಮಿ ಕೇಳಿದರು. ಮಾಮು, “ಆರುನೂರು ರೂಪಾಯಿಗೆ ರಾಡ್ ಸಮೇತ ಒಂದು ಸೆಟ್ ಸಿಗುತ್ತೆ. ಕೈಗೆ ಕೊಟ್ಟು ಒಂದು ಫೋಟೋ ತೆಗೆಯೋಣ, ಅವರಿಗೂ ಖುಷಿ” ಎಂದರು. ಪಕ್ಕದ ಕೋಣೆಯಲ್ಲಿ ಮಲಗಿದ್ದಾರೆ ಎಂದು ನಾವು ತಿಳಿದಿದ್ದ ನಾನಾಜಾನ್ ಅಲ್ಲಿಂದಲೇ ಹೇಳಿದರು: “ಫೋಟೋಗೆ ಆದ್ರೆ ಬೇಡ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಾಮು ನನ್ನ ಕಡೆ ತಿರುಗಿ, “ನೀನು ಕಾಮರ್ಸ್ ತಾನೆ? 3,500 ರೂಪಾಯಿ ಕೊಡ್ತೀನಿ. ರೀಲು, ದಾರ, ಕೊಕ್ಕೆ ಎಲ್ಲ ಅದರಲ್ಲೇ ಬರಬೇಕು. ಒಂದು ರೂಪಾಯಿ ಹೆಚ್ಚಾಗಬಾರದು. ಅಬ್ಬಾ ಅದನ್ನ ನಿಜವಾಗಿ ಉಪಯೋಗಿಸೋ ಹಾಗಿರಬೇಕು” ಎಂದರು.

ಹೀಗೆ ನನ್ನ ಓದು ಶುರುವಾಯಿತು. ಮೊದಲು ತಿಳಿದದ್ದು ಮೀನಿನ ವಿಷಯ. ಟ್ರೌಟ್ ತಣ್ಣೀರಿನ ಮೀನು. ನೀರಿನ ಉಷ್ಣತೆ 20 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ. ಹಾಗಾಗಿ ನಮ್ಮ ತುಂಗಭದ್ರೆಯಲ್ಲಿ ಅದು ಬದುಕುವುದಿಲ್ಲ. ದಕ್ಷಿಣದಲ್ಲಿ ನೀಲಗಿರಿ, ಮುನ್ನಾರಿನಂಥ ಎತ್ತರದ ತಂಪು ಜಾಗಗಳಲ್ಲಿ ಮಾತ್ರ ಇದೆ. ಅದು ನಮ್ಮ ದೇಶದ ಮೂಲ ಮೀನೂ ಅಲ್ಲ. 1900ರ ಸುಮಾರಿಗೆ ಬ್ರಿಟಿಷರು ಕಂದು ಟ್ರೌಟನ್ನು ತಂದು ಕಾಶ್ಮೀರದ ಹೊಳೆಗಳಿಗೆ ಬಿಟ್ಟರು. ಮಳೆಬಿಲ್ಲಿನ ಬಣ್ಣದ ಪಟ್ಟಿ ಇರುವ ರೇನ್‌ಬೋ ಟ್ರೌಟ್‌ನ ಮೂಲ ಅಮೆರಿಕದ ಕಡೆಯದು. ಕೋಕರ್‌ನಾಗ್‌ನಲ್ಲಿ ನೆಲದಿಂದ ಉಕ್ಕುವ ತಣ್ಣನೆಯ ಬುಗ್ಗೆಗಳಿವೆ, ಅವುಗಳ ನೀರಿನಲ್ಲಿ ಸರ್ಕಾರವೇ ದೊಡ್ಡ ಟ್ರೌಟ್ ಸಾಕಾಣಿಕಾ ಕೇಂದ್ರ ನಡೆಸುತ್ತದೆ. ಹೊಳೆಯಲ್ಲಿ ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕೇ ಬೇಕು. ಚಳಿಗಾಲದಲ್ಲಿ ಮೊಟ್ಟೆ ಇಡುವ ಸಮಯವಾದ್ದರಿಂದ ಹಿಡಿಯುವಂತಿಲ್ಲ.

ಹೊಳೆಯ ಟ್ರೌಟ್ ಹೆಚ್ಚಾಗಿ ಕಾಲು ಕಿಲೋ, ಅರ್ಧ ಕಿಲೋ ತೂಗುತ್ತದೆ. ಅದಕ್ಕೆ ಎಸೆಯುವ ಆಮಿಷವೂ ಸಣ್ಣದು. ‘ಸ್ಪಿನ್ನರ್’ ಎಂಬುದು ಮೂರರಿಂದ ಆರು ಗ್ರಾಂ ತೂಕದ, ನೀರಿನಲ್ಲಿ ಎಳೆದಾಗ ಗಿರಗಿರ ತಿರುಗಿ ಮಿನುಗುವ ಲೋಹದ ಎಲೆ. ಇಷ್ಟು ಹಗುರವಾದದ್ದನ್ನು ದೂರ ಎಸೆಯಬೇಕಾದರೆ ದಾರ ತೆಳುವಾಗಿರಬೇಕು ಮತ್ತು ರೀಲಿನಿಂದ ಯಾವ ಅಡ್ಡಿಯೂ ಇಲ್ಲದೆ ಬಿಚ್ಚಿಕೊಳ್ಳಬೇಕು.

ಸ್ಪಿನ್ನಿಂಗ್ ರೀಲಿನ ಗುಟ್ಟು ಇರುವುದು ಇಲ್ಲೇ. ಗಾಳಿಪಟದ ದಾರದ ಚರಕದಲ್ಲಿ ದಾರ ಬಿಚ್ಚುವಾಗ ಚರಕವೇ ತಿರುಗುತ್ತದೆ. ಇದರಲ್ಲಿ ದಾರ ಸುತ್ತಿದ ಸ್ಪೂಲ್ ತಿರುಗುವುದಿಲ್ಲ, ದಾರ ಅದರ ತುದಿಯ ಮೇಲಿಂದ ಸುರುಳಿ ಸುರುಳಿಯಾಗಿ ಜಾರಿ ಹೋಗುತ್ತದೆ. ವಾಪಸ್ ಸುತ್ತುವಾಗಲೂ ಸ್ಪೂಲ್ ಹಿಂದೆ ಮುಂದೆ ಮಾತ್ರ ಸರಿಯುತ್ತದೆ. ಅದರ ಸುತ್ತ ತಿರುಗುವ ರೋಟರ್ ಎಂಬ ಭಾಗವೇ ದಾರವನ್ನು ಸುತ್ತುತ್ತದೆ. ರೋಟರ್ ಮೇಲೆ ‘ಬೇಲ್’ ಎಂಬ ತಂತಿಯ ಕಮಾನು ಇರುತ್ತದೆ. ಅದನ್ನು ಎತ್ತಿದರೆ ದಾರ ಬಿಡುಗಡೆ, ಇಳಿಸಿದರೆ ದಾರ ಹಿಡಿತಕ್ಕೆ.

ನಾನು ಇದನ್ನು ಚಿತ್ರ ಬರೆದು ನಾನಾಜಾನ್‌ಗೆ ವಿವರಿಸಲು ಕೂತೆ. ಅರ್ಧಕ್ಕೆ ಅವರೇ ನಿಲ್ಲಿಸಿದರು. “ಇದು ನಮ್ಮ ಬಾಬಿನ್ ಅಲ್ವಾ? ನೂಲು ಬಾಬಿನ್ ತುದಿಯಿಂದ ಬರುತ್ತೆ, ಬಾಬಿನ್ ನಿಂತಿರುತ್ತೆ. ಹಾಗೆ ಎಳೆದ್ರೆ ಜೋರಾಗಿ ಎಳೀಬಹುದು, ನೂಲು ಹರಿಯಲ್ಲ. ಆದ್ರೆ ಒಂದೊಂದು ಸುತ್ತಿಗೂ ಒಂದೊಂದು ತಿರುಚು ಬೀಳುತ್ತೆ. ಅದನ್ನ ನೋಡ್ಕೋಬೇಕು.”

ಆಮೇಲೆ ಓದಿದಾಗ ಅವರ ಮಾತು ಅಕ್ಷರಶಃ ನಿಜವೆಂದು ತಿಳಿಯಿತು. ಈ ಮಾದರಿಯ ರೀಲಿಗೆ 1905ರಲ್ಲಿ ಪೇಟೆಂಟ್ ಪಡೆದವರು ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್. ಅವರು ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಬಟ್ಟೆ ಗಿರಣಿ ಉದ್ಯಮದವರು. ಗಿರಣಿಯಲ್ಲಿ ನೂಲು ಬಾಬಿನ್‌ನಿಂದ ಜಾರಿ ಬರುವುದನ್ನು ನೋಡಿಯೇ ಅವರಿಗೆ ಈ ಯೋಚನೆ ಬಂತು ಎನ್ನುತ್ತಾರೆ. ಇವತ್ತು ರೀಲಿಗೆ ಹೆಸರಾದ ಜಪಾನಿನ ಶಿಮಾನೊ ಕಂಪನಿಯೂ 1921ರಲ್ಲಿ ಸೈಕಲ್ಲಿನ ಫ್ರೀವೀಲ್ ಮಾಡುವ ಕಾರ್ಖಾನೆಯಾಗಿ ಶುರುವಾಗಿ, ಮೀನುಗಾರಿಕೆಯ ಸಾಮಾನಿಗೆ ಬಂದದ್ದು 1970ರಲ್ಲಿ. ಗಿರಣಿ ಮತ್ತು ಸೈಕಲ್, ನಾನಾಜಾನ್ ತಮ್ಮ ಜೀವನವಿಡೀ ಬಿಚ್ಚಿ ಜೋಡಿಸಿದ ಎರಡೇ ವಸ್ತುಗಳು. ಇದನ್ನು ಓದಿ ಹೇಳಿದಾಗ ಅವರು ಏನೂ ಹೇಳದೆ ಕನ್ನಡಕ ಹಾಕಿಕೊಂಡು ನನ್ನ ನೋಟ್‌ಬುಕ್ ಹತ್ತಿರಕ್ಕೆ ಎಳೆದುಕೊಂಡರು. ಅಂದಿನಿಂದ ನಾವಿಬ್ಬರೂ ಸೇರಿ ಆರಿಸತೊಡಗಿದೆವು.

ಮೊದಲ ಪ್ರಶ್ನೆ ಗಾತ್ರ. ರೀಲುಗಳಿಗೆ 1000, 2000, 2500, 4000 ಎಂದು ನಂಬರ್ ಇರುತ್ತದೆ. ನಂಬರ್ ಏರಿದಂತೆ ರೀಲ್ ದೊಡ್ಡದು. ಆದರೆ ಇದು ಐಎಸ್‌ಐ ಗುರುತಿನ ಹಾಗೆ ಎಲ್ಲರಿಗೂ ಒಂದೇ ಅಳತೆ ಅಲ್ಲ. ಒಂದು ಕಂಪನಿಯ 1000 ಇನ್ನೊಂದು ಕಂಪನಿಯ 1000ಕ್ಕೆ ಸಮ ಇರಬೇಕೆಂದಿಲ್ಲ. ಹಾಗಾಗಿ ನಂಬರ್ ಬಿಟ್ಟು ತೂಕ ಮತ್ತು ದಾರದ ಪ್ರಮಾಣ ನೋಡಬೇಕು. ಸಾಧಾರಣ ಬೆಲೆಯ 1000 ಗಾತ್ರದ ರೀಲ್ ಸುಮಾರು 200 ಗ್ರಾಂ ತೂಗುತ್ತದೆ, 4000 ಗಾತ್ರದ್ದು 300 ಗ್ರಾಂ ದಾಟುತ್ತದೆ.

ನೂರು ಗ್ರಾಂ ಎಂದರೆ ಏನು ಮಹಾ ಎಂದು ನನಗೂ ಅನಿಸಿತ್ತು. ನಾನಾಜಾನ್ ಒಂದು ಪರೀಕ್ಷೆ ಹೇಳಿದರು. ಅಮ್ಮಿಯ ಅಡುಗೆಮನೆಯಿಂದ ತೊಗರಿಬೇಳೆ ತೂಗಿ 200 ಗ್ರಾಂ, 300 ಗ್ರಾಂನ ಎರಡು ಪೊಟ್ಟಣ ಕಟ್ಟಿದೆವು. ಉದ್ದನೆಯ ಕೋಲಿನಲ್ಲಿ ಕೈ ಹಿಡಿಯುವ ಜಾಗದ ಕೆಳಗೆ ಒಂದೊಂದನ್ನೇ ನೇತುಹಾಕಿ, ಅವರು ಎಡಗೈಯಲ್ಲಿ ಹಿಡಿದು ಎಸೆಯುವ ಹಾಗೆ ಮಾಡುತ್ತಾ ಹೋದರು. ನಾನು ಲೆಕ್ಕ ಇಟ್ಟೆ. 300 ಗ್ರಾಂ ಇದ್ದಾಗ 40 ಸಲಕ್ಕೆ ತೋಳು ಇಳಿಯಿತು. ಮರುದಿನ ಅದೇ ಹೊತ್ತಿಗೆ 200 ಗ್ರಾಂ ಇಟ್ಟು ಮಾಡಿದಾಗ 70 ಸಲ ದಾಟಿತು. ನೋವಿಲ್ಲದವರಿಗೆ ಇದು ಸಣ್ಣ ವ್ಯತ್ಯಾಸ. ಅವರಿಗೆ ಅದು ಅರ್ಧ ಬೆಳಗಿನಷ್ಟು ವ್ಯತ್ಯಾಸ. ಗಾತ್ರ 1000 ಎಂದು ಅಂದೇ ತೀರ್ಮಾನವಾಯಿತು.

ಎರಡನೆಯದು, ಯಾವ ಕೈ. ಸಾಮಾನ್ಯವಾಗಿ ಬಲಗೈ ಬಳಕೆಯವರು ಬಲಗೈಯಲ್ಲಿ ರಾಡ್ ಹಿಡಿದು ಎಡಗೈಯಲ್ಲಿ ಹಿಡಿಕೆ ತಿರುಗಿಸುತ್ತಾರೆ. ನಾನಾಜಾನ್‌ಗೆ ಉಲ್ಟಾ ಬೇಕು. ಹೆಚ್ಚಿನ ಸ್ಪಿನ್ನಿಂಗ್ ರೀಲುಗಳಲ್ಲಿ ಹಿಡಿಕೆಯನ್ನು ಬಿಚ್ಚಿ ಇನ್ನೊಂದು ಬದಿಗೆ ಹಾಕಬಹುದು. ಕೊಳ್ಳುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಬೇಕು. ರಾಡ್ ಹಿಡಿಯುವುದು, ತೋರುಬೆರಳಿಗೆ ದಾರ ಸಿಕ್ಕಿಸುವುದು, ಎಸೆಯುವುದು ಎಲ್ಲ ಎಡಗೈಗೆ. ಬಲಗೈಗೆ ಉಳಿಯುವುದು ಬೇಲ್ ಎತ್ತಿ ಇಳಿಸುವುದು ಮತ್ತು ಹಿಡಿಕೆ ತಿರುಗಿಸುವುದು. ಹಿಡಿಕೆಯನ್ನು ಜೋರಾಗಿ ತಿರುಗಿಸಿದರೆ ಬೇಲ್ ತಾನೇ ಬೀಳುತ್ತದೆ, ಆದರೆ ಅದಕ್ಕೆ ಬೆರಳಿನ ಬಲ ಬೇಕು. ಅಂಗೈಯ ಅಂಚಿನಿಂದ ತಳ್ಳಿ ಮುಚ್ಚುವುದು ಸುಲಭ. ಆಶ್ಚರ್ಯವೆಂದರೆ, ಅನುಭವಸ್ಥರೆಲ್ಲ ಬೇಲನ್ನು ಕೈಯಿಂದಲೇ ಮುಚ್ಚಬೇಕು ಎನ್ನುತ್ತಾರೆ. ಹಾಗೆ ಮಾಡಿದರೆ ದಾರದ ಸಡಿಲ ಸುರುಳಿ, ತಿರುಚು ಕಡಿಮೆಯಾಗುತ್ತದೆ. ನಾನಾಜಾನ್ ಅನಿವಾರ್ಯಕ್ಕೆ ಮಾಡಬೇಕಾದದ್ದೇ ಸರಿಯಾದ ಪದ್ಧತಿಯಾಗಿತ್ತು.

ಮೂರನೆಯದು ಗೇರ್ ಅನುಪಾತ. ಡಬ್ಬದ ಮೇಲೆ 5.0:1, 6.2:1 ಎಂದು ಬರೆದಿರುತ್ತಾರೆ. ಮೊದಲನೆಯದರಲ್ಲಿ ಹಿಡಿಕೆ ಒಂದು ಸುತ್ತು ತಿರುಗಿದರೆ ರೋಟರ್ ಐದು ಸುತ್ತು ತಿರುಗುತ್ತದೆ. ಸ್ಪೂಲಿನ ಅಡ್ಡಳತೆ 4 ಸೆಂಟಿಮೀಟರ್ ಎಂದುಕೊಳ್ಳಿ. ಸುತ್ತಳತೆ ಸುಮಾರು 12.5 ಸೆಂಟಿಮೀಟರ್. ಐದು ಪಟ್ಟು ಎಂದರೆ ಹಿಡಿಕೆಯ ಒಂದು ಸುತ್ತಿಗೆ 62 ಸೆಂಟಿಮೀಟರ್ ದಾರ. 6.2 ಆದರೆ 77 ಸೆಂಟಿಮೀಟರ್. ಹರಿವಿಗೆ ಎದುರಾಗಿ ಮೇಲಕ್ಕೆ ಎಸೆದರೆ ಸ್ಪಿನ್ನರ್ ನೀರಿನ ಜೊತೆಯೇ ನಮ್ಮ ಕಡೆ ಬರುತ್ತದೆ. ಆಗ ವೇಗವಾಗಿ ಸುತ್ತಬೇಕು, ಹೆಚ್ಚಿನ ಅನುಪಾತ ಒಳ್ಳೆಯದು. ಆದರೆ ಸೈಕಲ್ಲಿನ ಗೇರ್ ಹಾಗೆಯೇ, ವೇಗ ಹೆಚ್ಚಾದಷ್ಟೂ ತಿರುಗಿಸುವುದು ಭಾರ. ಬಲವಿಲ್ಲದ ಬೆರಳಿಗೆ 5.0 ಹಿತ. ಅದನ್ನು ಆರಿಸಿದರೆ ಮೇಲಕ್ಕೆ ಎಸೆಯುವ ವಿಧಾನ ಬಿಡಬೇಕು. ಅಡ್ಡಲಾಗಿ ಎಸೆದು, ಹರಿವೇ ಸ್ಪಿನ್ನರನ್ನು ಕೆಳಕ್ಕೆ ಕಮಾನಿನಂತೆ ಎಳೆಯಲು ಬಿಟ್ಟು, ನಿಧಾನವಾಗಿ ಸುತ್ತಬೇಕು. ಎಕನಾಮಿಕ್ಸ್‌ನಲ್ಲಿ ಅವಕಾಶ ವೆಚ್ಚ ಎಂದು ಓದುತ್ತೇವಲ್ಲ, ಅದು ಇದೇ. ಒಂದನ್ನು ಪಡೆಯಲು ಯಾವುದನ್ನು ಬಿಟ್ಟೆವು ಎಂಬುದೇ ಅದರ ನಿಜವಾದ ಬೆಲೆ. ನಾನಾಜಾನ್ ಯೋಚಿಸಿ, “ನಿಧಾನವೇ ಇರಲಿ” ಎಂದರು.

ನಾಲ್ಕನೆಯದು ಡ್ರ್ಯಾಗ್. ಮೀನು ಜೋರಾಗಿ ಎಳೆದಾಗ ದಾರ ಹರಿಯದಂತೆ ಸ್ಪೂಲ್ ಸ್ವಲ್ಪ ಜಾರಿ ದಾರ ಬಿಟ್ಟುಕೊಡುವ ವ್ಯವಸ್ಥೆ ಇದು. ಡಬ್ಬದ ಮೇಲೆ ‘ಗರಿಷ್ಠ 3 ಕಿಲೋ’, ‘5 ಕಿಲೋ’ ಎಂದು ದೊಡ್ಡದಾಗಿ ಹಾಕಿರುತ್ತಾರೆ. ಟ್ರೌಟ್‌ಗೆ ಸಾಮಾನ್ಯವಾಗಿ 4 ಪೌಂಡ್ ದಾರ ಬಳಸುತ್ತಾರೆ, ಅಂದರೆ ಸುಮಾರು 1.8 ಕಿಲೋ ಎಳೆತಕ್ಕೆ ಹರಿಯುವಂಥದ್ದು. ಡ್ರ್ಯಾಗನ್ನು ಅದರ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗಕ್ಕೆ ಹೊಂದಿಸಬೇಕು. ಹಾಗಾದರೆ ನಮಗೆ ಬೇಕಾದದ್ದು ಅರ್ಧ ಕಿಲೋದಷ್ಟು ಮಾತ್ರ, ಐದು ಕಿಲೋ ಯಾಕೆ? ಮುಖ್ಯವಾದದ್ದು ಅದು ಎಷ್ಟು ನಯವಾಗಿ ಜಾರಲು ಶುರುಮಾಡುತ್ತದೆ ಎಂಬುದು. ತಡೆದು ತಡೆದು ಜಾರಿದರೆ ಆ ಒಂದು ಜಗ್ಗಿಗೇ ತೆಳು ದಾರ ಹರಿದುಹೋಗುತ್ತದೆ. ಬಾಲ್ ಬೇರಿಂಗ್ ಸಂಖ್ಯೆಯ ಕಥೆಯೂ ಹೀಗೆಯೇ. 10+1 ಎಂದು ಹಾಕಿದ ಅಗ್ಗದ ರೀಲ್, 3+1 ಎಂದು ಹಾಕಿದ ಒಳ್ಳೆಯ ರೀಲಿಗಿಂತ ಒರಟಾಗಿ ತಿರುಗಬಹುದು. “ಬೇರಿಂಗ್ ಎಷ್ಟು ಅಂತ ಕೇಳಬೇಡ, ಹೇಗಿದೆ ಅಂತ ಕೇಳು,” ಇದು ಗಿರಣಿಯ ಫಿಟ್ಟರ್ ಮಾತು.

ಏಪ್ರಿಲ್‌ನಲ್ಲಿ ನಾನಾಜಾನ್‌ರ ತಪಾಸಣೆಗೆ ಬೆಂಗಳೂರಿಗೆ ಹೋಗಬೇಕಿತ್ತು. ಅದೇ ದಿನ ಒಂದು ಅಂಗಡಿಗೂ ಹೋದೆವು. ನಾನು ರೀಲ್ ತೋರಿಸಿ ಎಂದಾಗ ಅಂಗಡಿಯವರು “ತಮ್ಮನಿಗಾ ಅಮ್ಮಾ?” ಎಂದರು. ನಾನಾಜಾನ್‌ಗೆ ಎಂದೆ. ಅವರು ನಾನಾಜಾನ್‌ರ ಕೈ ನೋಡಿ, ಮಾಮು ಕಡೆ ತಿರುಗಿ ಮೆಲ್ಲಗೆ, “ಅವರಿಗೆ ಆಗುತ್ತಾ ಸಾರ್? ಸುಮ್ಮನೆ ದುಬಾರಿದು ಯಾಕೆ?” ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಈ ಎರಡು ವರ್ಷದಲ್ಲಿ ಎಲ್ಲರೂ ನಾನಾಜಾನ್ ಎದುರಿಗಿದ್ದಾಗಲೇ ಅವರ ಬಗ್ಗೆ ಬೇರೆಯವರನ್ನು ಕೇಳುವುದು ರೂಢಿಯಾಗಿಬಿಟ್ಟಿದೆ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ನಮ್ಮ ಮನೆಯಲ್ಲೂ.

ನಾನಾಜಾನ್ ಮೂರು ರೀಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿದರು. ಒಂದೊಂದನ್ನೇ ಎಡಗೈಯಲ್ಲಿ ಕಿವಿಯ ಹತ್ತಿರ ಹಿಡಿದು, ನನಗೆ ಹಿಡಿಕೆ ನಿಧಾನವಾಗಿ ತಿರುಗಿಸಲು ಹೇಳಿದರು. ಮೊದಲನೆಯದು ಕೇಳಿ, “ಇದರ ಹಲ್ಲು ಕೂತಿಲ್ಲ” ಎಂದು ಬದಿಗಿಟ್ಟರು. ಎರಡನೆಯದರಲ್ಲಿ ರೋಟರ್ ಬೆರಳಿನಿಂದ ಅಲುಗಾಡಿಸಿ ನೋಡಿ, “ಆಟ ಜಾಸ್ತಿ” ಎಂದರು. ಮೂರನೆಯದರಲ್ಲಿ ಹಿಡಿಕೆಯನ್ನು ಮೆಲ್ಲಗೆ ತಳ್ಳಿ ಬಿಟ್ಟರು. ಅದು ಸದ್ದಿಲ್ಲದೆ ತಿರುಗಿ ತಾನಾಗಿ ನಿಂತಿತು. ಅಂಗಡಿಯವರ ಹತ್ತಿರ ದಾರ ಕೇಳಿ ಕಟ್ಟಿಸಿ, ಅರ್ಧ ಲೀಟರ್ ನೀರಿನ ಬಾಟಲಿಯನ್ನು ಅದಕ್ಕೆ ತೂಗುಹಾಕಿಸಿದರು. ಅರ್ಧ ಲೀಟರ್ ನೀರು ಅಂದರೆ ಅರ್ಧ ಕಿಲೋ. ಡ್ರ್ಯಾಗಿನ ತಿರುಪನ್ನು ನಾನು ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ಬಾಟಲಿ ಜಗ್ಗದೆ, ಲಿಫ್ಟ್ ಇಳಿದಂತೆ ಮೆಲ್ಲಗೆ ನೆಲಕ್ಕೆ ಇಳಿಯಿತು. ಅಂಗಡಿಯವರು ಈಗ ಮಾಮುವನ್ನು ಬಿಟ್ಟು ನಾನಾಜಾನ್‌ರನ್ನೇ ಕೇಳಿದರು: “ಚಾಚಾ, ನೀವು ಎಲ್ಲಿ ಕೆಲಸ ಮಾಡ್ತಿದ್ರಿ?”

ಲೆಕ್ಕ ಹೀಗಿದೆ. ರೀಲ್ 2,600 ರೂಪಾಯಿ. 4 ಪೌಂಡಿನ ನೈಲಾನ್ ದಾರ 400. ಮೂರು ಸ್ಪಿನ್ನರ್, ಒಂದಕ್ಕೆ 110ರಂತೆ 330. ದಾರದ ತಿರುಚು ತಪ್ಪಿಸುವ ಪುಟ್ಟ ತಿರುಗುಣಿ ಕೊಂಡಿಗಳು 60. ಒಟ್ಟು 3,390. ಉಳಿದ 110 ರೂಪಾಯಿಯನ್ನು ಬಿಲ್ ಸಮೇತ ಮಾಮುಗೆ ವಾಪಸ್ ಕೊಟ್ಟೆ. ಹೆಣೆದ ದಾರ ಇನ್ನೂ ತೆಳುವಾಗಿ, ಗಟ್ಟಿಯಾಗಿ ಸಿಗುತ್ತದೆ, ಆದರೆ ಬೆಲೆ ಹೆಚ್ಚು, ಗಂಟು ಹಾಕುವುದು ಕಷ್ಟ. ನೈಲಾನ್ ಸ್ವಲ್ಪ ಹಿಗ್ಗುವುದರಿಂದ ಹೊಸಬರ ತಪ್ಪನ್ನು ಕ್ಷಮಿಸುತ್ತದೆ.

ಮನೆಗೆ ಬಂದು ದಾರ ಸುತ್ತಿದೆವು. ಸ್ಪೂಲಿನ ಅಂಚಿಗೆ ಸುಮಾರು ಎರಡು ಮಿಲಿಮೀಟರ್ ಬಾಕಿ ಇರುವವರೆಗೆ ತುಂಬಬೇಕು. ಕಡಿಮೆಯಾದರೆ ದಾರ ಅಂಚಿಗೆ ಉಜ್ಜಿ ಎಸೆತ ಗಿಡ್ಡವಾಗುತ್ತದೆ, ಹೆಚ್ಚಾದರೆ ಸುರುಳಿಗಳು ತಾವಾಗಿ ಉದುರಿ ಗಂಟಾಗುತ್ತವೆ. ಹಿಡಿಕೆಯ ಗುಬ್ಬಿ ಮಾತ್ರ ಚಿಕ್ಕದಾಗಿದ್ದು ನಾನಾಜಾನ್‌ರ ಬೆರಳಿಗೆ ಸಿಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ, ಫಿಸಿಯೋಥೆರಪಿಯವರು ಹಿಸುಕಲು ಕೊಟ್ಟಿದ್ದ ಸ್ಪಂಜಿನ ಚೆಂಡನ್ನು ಸೀಳಿ ಗುಬ್ಬಿಗೆ ತೊಡಿಸಿದ್ದರು. ಅಮ್ಮಿ ಸಿಟ್ಟಾದರು. “ದಿನಾ ಹಿಸುಕು ಅಂದ್ರೆ ಹಿಸುಕಲ್ಲ, ಈಗ ಕತ್ತರಿಸಿಬಿಟ್ರಾ?” ನಾನಾಜಾನ್ ಹೇಳಿದರು, “ಈಗ ಹಿಸುಕ್ತೀನಿ ನೋಡು.” ಕೊಕ್ಕೆಯ ಬದಲು ರಬ್ಬರ್ ಕಟ್ಟಿ, ಮೂರು ವಾರ ದಿನಾ ಸಂಜೆ ತಾರಸಿಯ ಮೇಲೆ ಎಸೆದು ಸುತ್ತಿದರು. ನೀರಿನ ಟ್ಯಾಂಕೇ ಅವರ ಗುರಿ.

ಮೇ ಮೂರನೇ ವಾರ ಕೋಕರ್‌ನಾಗ್ ತಲುಪಿದೆವು. ಆ ಸಮಯದಲ್ಲಿ ಮೇಲಿನ ಬೆಟ್ಟದ ಹಿಮ ಕರಗಿ ಹೊಳೆ ರಭಸವಾಗಿರುತ್ತದೆ, ನೀರು ಬೂದುಬಣ್ಣ. ಪರವಾನಗಿ ತೋರಿಸಿದಾಗ ಕಾವಲುಗಾರರು ಬುಗ್ಗೆಯ ತಿಳಿನೀರು ಬಂದು ಸೇರುವ ಒಂದು ತಿರುವು ತೋರಿಸಿ, ಅಲ್ಲಿ ಕುರ್ಚಿ ಹಾಕಿಕೊಳ್ಳಿ ಎಂದರು. ಅಳತೆಗಿಂತ ಚಿಕ್ಕ ಮೀನು ಬಂದರೆ ಒದ್ದೆ ಕೈಯಲ್ಲಿ ಹಿಡಿದು ಬಿಡಬೇಕು ಎಂದೂ ಹೇಳಿದರು. ನಾನಾಜಾನ್ ತಲೆಯಾಡಿಸಿದರು. ಅವರದ್ದೂ ಹಳೆಯ ನಿಯಮ ಒಂದಿದೆ: ಮನೆಯವರು ತಿನ್ನುವಷ್ಟು ಹಿಡಿಯಬೇಕು, ಆಟಕ್ಕೆ ಹಿಡಿಯಬಾರದು.

ಮೊದಲ ದಿನ ಏನೂ ಸಿಗಲಿಲ್ಲ. ಒಂದು ಸ್ಪಿನ್ನರ್ ಕಲ್ಲಿಗೆ ಸಿಕ್ಕಿ ಹೋಯಿತು, 110 ರೂಪಾಯಿ ನಷ್ಟ. ಎರಡನೇ ದಿನ ಹತ್ತೂವರೆಯ ಹೊತ್ತಿಗೆ ಅವರ ತೋಳು ಸೋಲುತ್ತಾ ಬಂದಿತ್ತು. ಇನ್ನು ಸಾಕು ಎಂದು ಅಮ್ಮಿ ಹೇಳುವಷ್ಟರಲ್ಲಿ ರಾಡಿನ ತುದಿ ಬಾಗಿತು. ಮಾಮು ಹಿಡಿಯಲು ಓಡಿ ಬಂದರು. ನಾನಾಜಾನ್ ತಿರುಗಿಯೂ ನೋಡದೆ “ಬಿಡು” ಎಂದರು. ಮೀನು ಎಳೆದಾಗ ಡ್ರ್ಯಾಗ್ ದಾರ ಬಿಟ್ಟಿತು, ಅದು ನಿಂತಾಗ ಅವರು ಸ್ಪಂಜಿನ ಚೆಂಡನ್ನು ಅಂಗೈಯಲ್ಲಿ ಒತ್ತಿ ಅರ್ಧರ್ಧ ಸುತ್ತು ತಿರುಗಿಸಿದರು. ಭಾಯಿಜಾನ್ ಬಲೆ ಹಿಡಿದು ನೀರಿಗಿಳಿದರು. ಅರ್ಧ ಕಿಲೋಗಿಂತ ಕಡಿಮೆ ಇತ್ತು, ಮೈಮೇಲೆ ಕಪ್ಪು ಕೆಂಪು ಚುಕ್ಕೆಗಳು. ಅಂದು ರಾತ್ರಿ ಏಳು ಜನ ಒಂದೇ ಮೀನನ್ನು ಹಂಚಿಕೊಂಡು ತಿಂದೆವು. ಒಬ್ಬೊಬ್ಬರಿಗೆ ಎರಡೆರಡು ತುತ್ತು ಬಂತು. ಫೋಟೋ ತೆಗೆದೆವಾ ಎಂದು ಎಲ್ಲರೂ ಕೇಳುತ್ತಾರೆ. ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಹೊಸದಾಗಿ ರೀಲ್ ಕೊಳ್ಳುವವರಿಗೆ ನನ್ನ ಮಾತು ಇಷ್ಟೇ. ಮೊದಲು ಯಾವ ಮೀನು, ಯಾವ ನೀರು ಎಂದು ನೋಡಿ. ಆಮೇಲೆ ಯಾರ ಕೈ ಎಂದು ನೋಡಿ. ಡಬ್ಬದ ಮೇಲಿನ ದೊಡ್ಡ ಸಂಖ್ಯೆಗಳನ್ನು ಕೊನೆಗೆ ಓದಿ. ಸಾಧ್ಯವಾದರೆ ಅಂಗಡಿಗೆ ಹೋಗಿ ತಿರುಗಿಸಿ, ಕಿವಿಗೊಟ್ಟು ಕೇಳಿ. ಉಡುಗೊರೆಯಾಗಿ ಕೊಡುವುದಾದರೆ, ಅದನ್ನು ಬಳಸುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಅವರನ್ನೇ ಕೇಳಿ.

ಬಳಸಿದ ಮೇಲೆ ರೀಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಡ್ರ್ಯಾಗಿನ ತಿರುಪು ಸಡಿಲಿಸಿ ಇಡಬೇಕು, ಇಲ್ಲದಿದ್ದರೆ ಒಳಗಿನ ಬಿಲ್ಲೆಗಳು ಒತ್ತಿಹೋಗುತ್ತವೆ. ಬೇಲಿನ ಉರುಳೆಗೆ ಆಗಾಗ ಒಂದು ಹನಿ ಎಣ್ಣೆ. ಈ ಕೆಲಸ ನಾನಾಜಾನ್‌ರದ್ದು, ಬೇರೆಯವರು ಮುಟ್ಟುವಂತಿಲ್ಲ. ಬೀದಿಯ ಹುಡುಗರಿಂದ ಒಂದು ಬಿದಿರಿನ ಕೋಲು ವಾಪಸ್ ಇಸಿದುಕೊಂಡು ಅದಕ್ಕೆ ರೀಲ್ ಕೂರಿಸಲು ತಗಡಿನ ಕಟ್ಟು ಮಾಡುತ್ತಿದ್ದಾರೆ. ಮಳೆ ಕಡಿಮೆಯಾದ ಮೇಲೆ ಹರಿಹರಕ್ಕೆ ಹೋಗುವುದಿದೆ. ತುಂಗಭದ್ರೆಯ ರೋಹು, ಕಾಟ್ಲಾಗೆ 4 ಪೌಂಡ್ ದಾರ ಸಾಲದು, 8 ಪೌಂಡ್ ಬೇಕು, ಹೊಸ ಬಜೆಟ್ ಮಂಡಿಸು ಎಂದು ನನಗೆ ಹೇಳಿದ್ದಾರೆ. ಮಾಮು ಇನ್ನೂ ಮಂಜೂರು ಮಾಡಿಲ್ಲ.